ಮೀನಿನ ಲ್ಯಾಬ್ ರಿಪೋರ್ಟ್‌ನಲ್ಲಿ ‘ಪಾದರಸ’ ಅಂದರೆ ಯಾವ ಪಾದರಸ?

ನಿಮ್ಮ ವಾಟ್ಸಾಪ್ ಗ್ರೂಪಿಗೆ ಹೀಗೊಂದು ಫಾರ್ವರ್ಡ್ ಬಂತು ಎಂದಿಟ್ಟುಕೊಳ್ಳಿ. ಒಂದು ಲ್ಯಾಬ್ ರಿಪೋರ್ಟ್‌ನ ಫೋಟೋ. ಅದರಲ್ಲಿ ‘ಮರ್ಕ್ಯುರಿ: 0.18’ ಎನ್ನುವ ಸಾಲಿಗೆ ಕೆಂಪು ಬಣ್ಣದ ಸುತ್ತು. ಕೆಳಗೆ ಬರಹ: “ಕುಡಿಯುವ ನೀರಿಗೆ ಮಿತಿ 0.001. ಈ ಮೀನಿನಲ್ಲಿ 180 ಪಟ್ಟು ಪಾದರಸ! ಮಕ್ಕಳಿಗೆ ಕೊಡಬೇಡಿ. ಎಲ್ಲರಿಗೂ ಕಳಿಸಿ.”

ದಿಬ್ಬೂರಹಳ್ಳಿ, ಶಿಡ್ಲಘಟ್ಟ, ಚಿಂತಾಮಣಿ ಕಡೆಯವರು ಇದನ್ನು ನೋಡಿದರೆ ಸುಮ್ಮನೆ ಪಕ್ಕಕ್ಕೆ ಸರಿಸುವುದಿಲ್ಲ. ಅದಕ್ಕೆ ಕಾರಣವೂ ಇದೆ. ಬೆಂಗಳೂರಿನ ಹೆಬ್ಬಾಳ-ನಾಗವಾರ ಕಣಿವೆಯ ಕೊಳಚೆ ನೀರನ್ನು ಎರಡನೇ ಹಂತದವರೆಗೆ ಸಂಸ್ಕರಿಸಿ, ದಿನಕ್ಕೆ 210 ದಶಲಕ್ಷ ಲೀಟರಿನ ಲೆಕ್ಕದಲ್ಲಿ ಪಂಪ್ ಮಾಡಿ, ಚಿಕ್ಕಬಳ್ಳಾಪುರ ಜಿಲ್ಲೆಯೂ ಸೇರಿದಂತೆ 65 ಕೆರೆಗಳನ್ನು ತುಂಬಿಸುವುದು ಎಚ್.ಎನ್. ವ್ಯಾಲಿ ಯೋಜನೆ. ಪಕ್ಕದ ಕೋಲಾರಕ್ಕೆ ಕೆ.ಸಿ. ವ್ಯಾಲಿ ನೀರು ಬರಲು ಶುರುವಾಗಿದ್ದು 2018ರ ಜೂನ್‌ನಲ್ಲಿ. ಮರು ತಿಂಗಳೇ ಅಲ್ಲಿ ನೊರೆ ಕಾಣಿಸಿಕೊಂಡು ವಿಷಯ ಹೈಕೋರ್ಟಿಗೆ ಹೋಯಿತು. ಮೂರನೇ ಹಂತದ ಶುದ್ಧೀಕರಣ ಆಗಲೇಬೇಕು ಎಂದು ಶಾಶ್ವತ ನೀರಾವರಿ ಹೋರಾಟ ಸಮಿತಿ ಕೇಳುತ್ತಲೇ ಬಂದಿದೆ. ನೀರು ಬಂದ ಕೆರೆಯಲ್ಲಿ ಮೀನು ಬಿಡುತ್ತಾರೆ, ಹಿಡಿದು ಮಾರುತ್ತಾರೆ, ಮನೆಯಲ್ಲಿ ಚೇಪಲ ಪುಲುಸು ಆಗುತ್ತದೆ. ಅಂದಮೇಲೆ ಅನುಮಾನ ಸಹಜ. ಅನುಮಾನ ಪಡುವವರನ್ನು ನಗೆಯಾಡುವುದು ತಪ್ಪು.

ಆದರೆ ಮೇಲಿನ ಫಾರ್ವರ್ಡ್ ಮಾತ್ರ ತಪ್ಪು. ಅದರಲ್ಲಿರುವ ಸಂಖ್ಯೆಯಲ್ಲ, ಸಂಖ್ಯೆಯನ್ನು ಓದಿದ ರೀತಿ ತಪ್ಪು. ಮೊದಲು ಕೇಳಬೇಕಾದ ಪ್ರಶ್ನೆ ‘ಎಷ್ಟು ಪಾದರಸ’ ಎಂದಲ್ಲ, ‘ಯಾವ ಪಾದರಸ’ ಎಂದು.

ಪಾದರಸಕ್ಕೆ ಹಲವು ವೇಷ

ಹಳೆಯ ಜ್ವರದ ಥರ್ಮಾಮೀಟರ್ ಒಡೆದಾಗ ನೆಲದ ಮೇಲೆ ಉರುಳಾಡುವ ಬೆಳ್ಳಿ ಗುಂಡುಗಳು ಶುದ್ಧ ಲೋಹರೂಪದ ಪಾದರಸ. ಅದನ್ನು ಮಗು ಅಕಸ್ಮಾತ್ ನುಂಗಿದರೆ ಮನೆಯವರು ಕಂಗಾಲಾಗುತ್ತಾರೆ. ಆದರೆ ಹೊಟ್ಟೆಯಿಂದ ರಕ್ತಕ್ಕೆ ಸೇರುವುದು ಅದರ ನೂರರಲ್ಲಿ ಒಂದಂಶದ ನೂರನೇ ಪಾಲಿಗಿಂತ ಕಡಿಮೆ. ಉಳಿದದ್ದು ಮಲದಲ್ಲಿ ಹೋಗುತ್ತದೆ. ಅದೇ ಪಾದರಸ ಆವಿಯಾಗಿ ಉಸಿರಿನಲ್ಲಿ ಒಳಹೋದರೆ ಸುಮಾರು ಶೇ 80ರಷ್ಟು ದೇಹದಲ್ಲೇ ಉಳಿಯುತ್ತದೆ. ಹಾಗಾಗಿ ಥರ್ಮಾಮೀಟರ್ ಒಡೆದಾಗ ಭಯ ಪಡಬೇಕಾದದ್ದು ನುಂಗಿದ್ದಕ್ಕಲ್ಲ, ಮುಚ್ಚಿದ ಕೋಣೆಯಲ್ಲಿ ತೆಗೆಯದೆ ಬಿಟ್ಟ ಗುಂಡುಗಳಿಗೆ.

ಎರಡನೆಯದು ನಿರವಯವ ಪಾದರಸ, ಅಂದರೆ ಲವಣದ ರೂಪ. ತಿಂದರೆ ಹತ್ತರಲ್ಲಿ ಒಂದು ಪಾಲಿನಷ್ಟು ರಕ್ತಕ್ಕೆ ಸೇರಬಹುದು. ಹೆಚ್ಚಿನ ಹೊಡೆತ ಮೂತ್ರಪಿಂಡಕ್ಕೆ.

ಮೂರನೆಯದೇ ಮೀನಿನ ವಿಷಯದಲ್ಲಿ ಮುಖ್ಯ: ಮೀಥೈಲ್ ಪಾದರಸ. ಪಾದರಸದ ಒಂದು ಪರಮಾಣುವಿಗೆ ಇಂಗಾಲದ ಒಂದು ಸಣ್ಣ ಗುಂಪು ಅಂಟಿಕೊಂಡಿರುತ್ತದೆ, ಅಷ್ಟೇ. ಆದರೆ ಆ ಒಂದು ಅಂಟಿನಿಂದ ಎಲ್ಲವೂ ಬದಲಾಗುತ್ತದೆ. ತಿಂದದ್ದರಲ್ಲಿ ಸುಮಾರು ಶೇ 95 ರಕ್ತಕ್ಕೆ ಸೇರುತ್ತದೆ. ಅಲ್ಲಿಂದ ಮಿದುಳಿಗೆ ಹೋಗುತ್ತದೆ. ಬಸುರಿಯ ಹೊಕ್ಕುಳಬಳ್ಳಿ ದಾಟಿ ಮಗುವಿಗೂ ಹೋಗುತ್ತದೆ. ರಸಾಯನಶಾಸ್ತ್ರದಲ್ಲಿ ಇದನ್ನು ‘ಸಾವಯವ ಪಾದರಸ’ ಎನ್ನುತ್ತಾರೆ. ಸಾವಯವ ಬೆಲ್ಲ, ಸಾವಯವ ರಾಗಿ ಎಂದು ಕೇಳಿ ಅಭ್ಯಾಸವಾದವರು ದಯವಿಟ್ಟು ಮೋಸಹೋಗಬೇಡಿ. ಇಲ್ಲಿ ಸಾವಯವ ಎಂದರೆ ಇಂಗಾಲ ಇರುವುದು ಎಂದಷ್ಟೇ ಅರ್ಥ.

ಇದೇ ಬಳಗದಲ್ಲಿ ಇನ್ನೂ ಘೋರವಾದದ್ದು ಡೈಮೀಥೈಲ್ ಪಾದರಸ. ಅಮೆರಿಕದ ಡಾರ್ಟ್ಮತ್ ಕಾಲೇಜಿನ ರಸಾಯನಶಾಸ್ತ್ರ ಪ್ರಾಧ್ಯಾಪಕಿ ಕ್ಯಾರೆನ್ ವೆಟರ್‌ಹಾನ್ ಅವರ ಗ್ಲೌಸಿನ ಮೇಲೆ 1996ರ ಆಗಸ್ಟ್‌ನಲ್ಲಿ ಇದರ ಕೆಲವೇ ಹನಿ ಬಿತ್ತು. ಹನಿ ರಬ್ಬರ್ ಗ್ಲೌಸಿನೊಳಗೆ ಇಳಿದು ಚರ್ಮ ಸೇರಿತು. 1997ರ ಜೂನ್‌ನಲ್ಲಿ ಅವರು ತೀರಿಕೊಂಡರು. ನುಂಗಿದರೂ ಹೊರಗೆ ಹೋಗುವ ಪಾದರಸ ಒಂದು, ಗ್ಲೌಸ್ ಹಾಕಿದ್ದರೂ ಕೊಲ್ಲುವ ಪಾದರಸ ಇನ್ನೊಂದು. ರಿಪೋರ್ಟ್‌ನಲ್ಲಿ ಬರಿಯ ‘ಪಾದರಸ’ ಎಂದಿದ್ದರೆ ಸಾಲದು ಎನ್ನುವುದು ಇದಕ್ಕೇ.

ನೀರು ಚೊಕ್ಕ, ಮೀನು?

ನಗರದ ಕೊಳಚೆಗೆ ಪಾದರಸ ಬರುವ ದಾರಿಗಳು ಹಲವು: ಒಡೆದ ಟ್ಯೂಬ್‌ಲೈಟ್ ಮತ್ತು ಸಿಎಫ್ಎಲ್, ಹಳೆಯ ಬಿ.ಪಿ. ಯಂತ್ರ, ಹಲ್ಲಿಗೆ ತುಂಬುವ ಬೆಳ್ಳಿ ಮಿಶ್ರಣ, ಇ-ತ್ಯಾಜ್ಯ. ಎರಡನೇ ಹಂತದ ಸಂಸ್ಕರಣೆ ಇರುವುದು ಮುಖ್ಯವಾಗಿ ಕೊಳೆಯುವ ವಸ್ತುವನ್ನು ತೆಗೆಯಲು. ಲೋಹಗಳಲ್ಲಿ ಒಂದಷ್ಟು ಕೆಸರಿನ ಜೊತೆ ಹೊರಗೆ ಹೋಗುತ್ತದೆ, ಆದರೆ ಅದು ಆ ಘಟಕದ ಗುರಿಯಲ್ಲ.

ಕೆರೆಗೆ ಬಂದ ಪಾದರಸ ಹೆಚ್ಚಾಗಿ ನಿರವಯವ ರೂಪದ್ದು. ಅದು ತಳದ ಹೂಳಿಗೆ ಇಳಿಯುತ್ತದೆ. ಗಾಳಿಯಾಡದ ಹೂಳಿನಲ್ಲಿ ಬದುಕುವ ಕೆಲವು ಬ್ಯಾಕ್ಟೀರಿಯಾಗಳು ಅದನ್ನು ಮೀಥೈಲ್ ಪಾದರಸವಾಗಿ ಬದಲಿಸುತ್ತವೆ. ಇದನ್ನು ಸ್ವೀಡನ್ನಿನ ವಿಜ್ಞಾನಿಗಳು 1969ರಲ್ಲಿ ತೋರಿಸಿದರು. ಬ್ಯಾಕ್ಟೀರಿಯಾದಲ್ಲಿ ಈ ಕೆಲಸ ಮಾಡುವ ಎರಡು ವಂಶವಾಹಿಗಳು ಪತ್ತೆಯಾಗಿದ್ದು 2013ರಲ್ಲಿ. ಅಲ್ಲಿಂದ ಪಾಚಿ, ಪಾಚಿ ತಿನ್ನುವ ಹುಳ, ಹುಳ ತಿನ್ನುವ ಸಣ್ಣ ಮೀನು, ಸಣ್ಣ ಮೀನು ತಿನ್ನುವ ದೊಡ್ಡ ಮೀನು. ಪ್ರತಿ ಮೆಟ್ಟಿಲಲ್ಲೂ ಸಾಂದ್ರತೆ ಏರುತ್ತದೆ. ಬೇಟೆಮೀನಿನ ಮಾಂಸದಲ್ಲಿ ಅದು ಸುತ್ತಲಿನ ನೀರಿಗಿಂತ ಹತ್ತು ಲಕ್ಷ ಪಟ್ಟು ಹೆಚ್ಚಾಗಬಹುದು.

ಈ ಒಂದು ವಿಷಯ ನಮ್ಮ ಜಿಲ್ಲೆಯ ಜಗಳಕ್ಕೆ ನೇರವಾಗಿ ಸಂಬಂಧಿಸಿದ್ದು. ‘ಕೆರೆ ನೀರನ್ನು ಪರೀಕ್ಷೆ ಮಾಡಿಸಿದ್ದೇವೆ, ಪಾದರಸ ಪತ್ತೆಯಾಗಿಲ್ಲ’ ಎಂಬ ರಿಪೋರ್ಟ್ ತೋರಿಸಿ ಮೀನು ಸುರಕ್ಷಿತ ಎನ್ನುವಂತಿಲ್ಲ. ಹಾಗೆಯೇ ನೀರಿನ ಬಣ್ಣ, ನೊರೆ ನೋಡಿ ಮೀನು ವಿಷ ಎನ್ನುವಂತೆಯೂ ಇಲ್ಲ. ನೀರಿನ ಪರೀಕ್ಷೆ ನೀರಿಗೆ, ಮೀನಿನ ಪರೀಕ್ಷೆ ಮೀನಿಗೆ.

ಜಪಾನಿನ ಮಿನಮಾಟದ ಕತೆ ಬಹಳ ಜನ ಕೇಳಿರುತ್ತೀರಿ. ಚಿಸ್ಸೋ ಕಂಪನಿಯ ಕಾರ್ಖಾನೆ ಕೊಲ್ಲಿಗೆ ಬಿಟ್ಟ ತ್ಯಾಜ್ಯದಲ್ಲೇ ಮೀಥೈಲ್ ಪಾದರಸ ಇತ್ತು. ಮೊದಲ ರೋಗಿಗಳ ವಿಷಯ 1956ರಲ್ಲಿ ಅಧಿಕೃತವಾಗಿ ದಾಖಲಾಯಿತು; ಸರ್ಕಾರ ಕಾರಣವನ್ನು ಒಪ್ಪಿಕೊಳ್ಳಲು 1968 ಆಯಿತು. ಮೀನು ತಿಂದ ಬೆಕ್ಕುಗಳು ಕುಣಿದಂತೆ ಆಡಿ ಸಾಯುತ್ತಿದ್ದವು, ತಾಯಂದಿರು ಆರೋಗ್ಯವಾಗಿ ಕಂಡರೂ ಮಕ್ಕಳು ಮಿದುಳಿನ ತೊಂದರೆಯೊಂದಿಗೆ ಹುಟ್ಟಿದರು. ನಮ್ಮ ರಾಜ್ಯದಲ್ಲೂ ಪಾದರಸದ ಮೇಲೆ ಕಣ್ಣಿಡಬೇಕಾಗಿ ಬಂದ ಜಾಗವೊಂದಿದೆ: ಕಾರವಾರ. ಹಳೆಯ ಕಾಸ್ಟಿಕ್ ಸೋಡಾ ತಂತ್ರಜ್ಞಾನದಲ್ಲಿ ಉಪ್ಪುನೀರಿಗೆ ವಿದ್ಯುತ್ ಹರಿಸುವಾಗ ಪಾದರಸವನ್ನೇ ಒಂದು ಧ್ರುವವಾಗಿ ಬಳಸುತ್ತಿದ್ದರು. ಕಾರವಾರದ ಕಾಸ್ಟಿಕ್ ಸೋಡಾ ಕಾರ್ಖಾನೆಯ ಸುತ್ತಲಿನ ಪಾದರಸದ ಬಗ್ಗೆ ಪಿ.ಕೆ. ಕೃಷ್ಣಕುಮಾರ್ ಮತ್ತು ವಿ.ಕೆ. ಪಿಳ್ಳೈ 1990ರಲ್ಲಿ ‘ಮರೈನ್ ಪೊಲ್ಯೂಷನ್ ಬುಲೆಟಿನ್’ ಪತ್ರಿಕೆಯಲ್ಲಿ ಅಧ್ಯಯನ ಪ್ರಕಟಿಸಿದರು. ಈಗ ದೇಶದ ಕಾಸ್ಟಿಕ್ ಸೋಡಾ ಉದ್ಯಮ ಪಾದರಸ ಬಿಟ್ಟು ಮೆಂಬ್ರೇನ್ ತಂತ್ರಜ್ಞಾನಕ್ಕೆ ಬದಲಾಗಿದೆ. ಪಾದರಸ ಬಳಕೆ ತಗ್ಗಿಸುವ ಮಿನಮಾಟ ಒಪ್ಪಂದಕ್ಕೂ ಭಾರತ 2018ರಲ್ಲಿ ಅನುಮೋದನೆ ಕೊಟ್ಟಿದೆ.

ಲ್ಯಾಬಿನೊಳಗೆ ಏನು ನಡೆಯುತ್ತದೆ?

ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆ ಗೊತ್ತಿರುವವರಿಗೆ ಇದು ಬೇಗ ಅರ್ಥವಾಗುತ್ತದೆ. ಬಿಳಿ ಬೈವೋಲ್ಟಿನ್ ಗೂಡು, ಹಳದಿ ಮಿಶ್ರತಳಿ ಗೂಡು ಎರಡನ್ನೂ ಬೆರೆಸಿ ಒಂದೇ ಚೀಲಕ್ಕೆ ತುಂಬಿ ತೂಗಿದರೆ ಒಟ್ಟು ಎಷ್ಟು ಕೆ.ಜಿ. ಎಂದು ಗೊತ್ತಾಗುತ್ತದೆ. ಅದರಲ್ಲಿ ಯಾವುದು ಎಷ್ಟು ಎಂದು ಗೊತ್ತಾಗುವುದಿಲ್ಲ. ಅದಕ್ಕೆ ಮೊದಲು ಆರಿಸಿ ಬೇರೆ ಮಾಡಬೇಕು, ಆಮೇಲೆ ತೂಗಬೇಕು. ಮೀನಿನ ಪಾದರಸಕ್ಕೂ ಇವೇ ಎರಡು ಪರೀಕ್ಷೆಗಳು: ಒಟ್ಟು ತೂಗುವುದು ಒಂದು, ಆರಿಸಿ ತೂಗುವುದು ಇನ್ನೊಂದು.

ಒಟ್ಟು ಪಾದರಸದ ಪರೀಕ್ಷೆ ಸುಲಭದ್ದು. ಹಳೆಯ ವಿಧಾನದಲ್ಲಿ ಮೀನಿನ ಮಾಂಸವನ್ನು ಬಿಸಿ ನೈಟ್ರಿಕ್ ಆಮ್ಲದಲ್ಲಿ ಪೂರ್ತಿ ಕರಗಿಸುತ್ತಾರೆ. ಎಲ್ಲ ವೇಷಗಳೂ ಕಳಚಿ ಪಾದರಸ ಒಂದೇ ರೂಪಕ್ಕೆ ಬರುತ್ತದೆ. ಅದಕ್ಕೆ ಸ್ಟ್ಯಾನಸ್ ಕ್ಲೋರೈಡ್ ಸೇರಿಸಿದಾಗ ಪಾದರಸ ಆವಿಯಾಗಿ ಏಳುತ್ತದೆ. ಕೋಣೆಯ ಉಷ್ಣತೆಯಲ್ಲೇ ಆವಿಯಾಗುವ ಲೋಹ ಇದೊಂದೇ ಇರುವುದರಿಂದ ಈ ತಂತ್ರ ನಡೆಯುತ್ತದೆ. ಆ ಆವಿಯ ಮೂಲಕ 253.7 ನ್ಯಾನೋಮೀಟರ್ ತರಂಗದ ನೇರಳಾತೀತ ಬೆಳಕು ಹಾಯಿಸಿ, ಎಷ್ಟು ಬೆಳಕು ಹೀರಿಕೊಂಡಿತು ಎಂದು ಅಳೆಯುತ್ತಾರೆ. ಹೊಸ ಯಂತ್ರಗಳಿಗೆ ಆಮ್ಲವೂ ಬೇಡ. ಸಣ್ಣ ದೋಣಿಯಂಥ ತಟ್ಟೆಯಲ್ಲಿ ಚೂರು ಮೀನು ಇಟ್ಟರೆ ಯಂತ್ರವೇ ಅದನ್ನು ಆಮ್ಲಜನಕದಲ್ಲಿ ಸುಟ್ಟು, ಎದ್ದ ಪಾದರಸದ ಆವಿಯನ್ನು ಚಿನ್ನದ ಮೇಲೆ ಹಿಡಿದು, ಮತ್ತೆ ಕಾಯಿಸಿ ಬಿಡಿಸಿ ಅಳೆಯುತ್ತದೆ. ಹತ್ತು ನಿಮಿಷದೊಳಗೆ ಉತ್ತರ.

ಆರಿಸುವ ಕೆಲಸ ಮಾತ್ರ ನಾಜೂಕಿನದು. ಇಲ್ಲಿ ಬಲವಾದ ಆಮ್ಲ, ಜಾಸ್ತಿ ಬಿಸಿ ಎರಡೂ ನಡೆಯುವುದಿಲ್ಲ. ಪಾದರಸಕ್ಕೂ ಇಂಗಾಲಕ್ಕೂ ಇರುವ ಅಂಟು ಬಿಟ್ಟುಹೋದರೆ ಮೀಥೈಲ್ ಪಾದರಸ ಎಷ್ಟಿತ್ತು ಎಂದು ತಿಳಿಯುವ ದಾರಿಯೇ ಮುಚ್ಚುತ್ತದೆ. ಗೂಡನ್ನು ಬೇಯಿಸಿ ನೂಲು ತೆಗೆದ ಮೇಲೆ ಯಾವ ಗೂಡು ಎಷ್ಟಿತ್ತು ಎಂದು ಎಣಿಸಲು ಹೋದಂತೆ. ಹಾಗಾಗಿ ಅರೆದ ಮೀನನ್ನು ಸಿಸ್ಟೀನ್ ಎಂಬ ಅಮೈನೋ ಆಮ್ಲದ ದ್ರಾವಣದಲ್ಲಿ ಹಾಕಿ ಸುಮಾರು 60 ಡಿಗ್ರಿಯ ಉಗುರುಬೆಚ್ಚಗಿಗಿಂತ ತುಸು ಜಾಸ್ತಿ ಬಿಸಿಯಲ್ಲಿ ಇಡುತ್ತಾರೆ. ಸಿಸ್ಟೀನನ್ನೇ ಯಾಕೆ ಆರಿಸಿದರು ಎಂದರೆ, ಮೀನಿನ ಮಾಂಸದೊಳಗೂ ಮೀಥೈಲ್ ಪಾದರಸ ಅಂಟಿಕೊಂಡಿರುವುದು ಪ್ರೊಟೀನಿನ ಸಿಸ್ಟೀನಿಗೇ. ಅಲ್ಲಿಂದ ಬಿಡಿಸಲು ಅದೇ ಆಸೆ ತೋರಿಸುತ್ತಾರೆ.

ಹೀಗೆ ಬಿಡಿಸಿಕೊಂಡ ದ್ರಾವಣವನ್ನು ಸೋಸಿ, ಎಚ್‌ಪಿಎಲ್‌ಸಿ ಯಂತ್ರದ ತೆಳುವಾದ ಕೊಳವೆಯೊಳಗೆ ಒತ್ತಡದಿಂದ ತಳ್ಳುತ್ತಾರೆ. ಕೊಳವೆಯೊಳಗಿನ ಪುಡಿಗೆ ಪಾದರಸದ ಒಂದೊಂದು ರೂಪವೂ ಒಂದೊಂದು ಹದದಲ್ಲಿ ಅಂಟುತ್ತದೆ. ಹಾಗಾಗಿ ಒಂದು ಬೇಗ ಹೊರಬರುತ್ತದೆ, ಇನ್ನೊಂದು ತಡವಾಗಿ. ಹೊರಬಂದದ್ದು ಐಸಿಪಿ-ಎಂಎಸ್ ಎಂಬ ಯಂತ್ರದ ಪ್ಲಾಸ್ಮಾಕ್ಕೆ ಹೋಗುತ್ತದೆ. ಅಲ್ಲಿ ಸಾವಿರಾರು ಡಿಗ್ರಿ ಬಿಸಿ. ಎಲ್ಲವೂ ಪರಮಾಣುಗಳಾಗಿ ಒಡೆಯುತ್ತವೆ, ಯಂತ್ರ ಪಾದರಸದ ಪರಮಾಣುಗಳನ್ನು ಎಣಿಸುತ್ತದೆ. ಪ್ಲಾಸ್ಮಾಕ್ಕೆ ಯಾವುದು ಮೀಥೈಲ್, ಯಾವುದು ಲವಣ ಎಂದು ಗೊತ್ತಾಗುವುದಿಲ್ಲ. ಅದನ್ನು ಹೇಳುವುದು ಗಡಿಯಾರ: ಇಷ್ಟನೇ ನಿಮಿಷಕ್ಕೆ ಬಂದದ್ದು ಇದು, ಅಷ್ಟನೇ ನಿಮಿಷಕ್ಕೆ ಬಂದದ್ದು ಅದು.

ಪಾದರಸ ಬಹಳ ಜಿಗುಟು. ಹಿಂದಿನ ಮಾದರಿಯದ್ದು ಯಂತ್ರದ ಕೊಳವೆಯಲ್ಲಿ ಉಳಿದು ಮುಂದಿನ ಮಾದರಿಯ ಲೆಕ್ಕಕ್ಕೆ ಸೇರಿಬಿಡಬಹುದು. ಆದ್ದರಿಂದ ಒಳ್ಳೆಯ ಲ್ಯಾಬ್ ನಡುನಡುವೆ ಖಾಲಿ ದ್ರಾವಣ ಓಡಿಸಿ ನೋಡುತ್ತದೆ. ಪಾದರಸ ಎಷ್ಟಿದೆ ಎಂದು ಮೊದಲೇ ಪ್ರಮಾಣೀಕರಿಸಿದ ಮೀನಿನ ಪುಡಿ ಕೆನಡಾ, ಯುರೋಪಿನ ಸಂಸ್ಥೆಗಳಿಂದ ಸಿಗುತ್ತದೆ. ಅದನ್ನೂ ಜೊತೆಗೆ ಪರೀಕ್ಷಿಸಿ ತನ್ನ ಉತ್ತರ ಸರಿಯಿದೆಯೇ ಎಂದು ತಾಳೆ ನೋಡುತ್ತದೆ. ಕೊನೆಯ ಲೆಕ್ಕ ಇನ್ನೂ ಸರಳ: ಮೀಥೈಲ್ ಮತ್ತು ನಿರವಯವ ಎರಡನ್ನೂ ಕೂಡಿದರೆ ಒಟ್ಟು ಪಾದರಸದ ಹತ್ತಿರಕ್ಕೆ ಬರಬೇಕು. ಬರದಿದ್ದರೆ ಎಲ್ಲೋ ಸೋರಿದೆ.

ಮೀನಿನಲ್ಲಿರುವ ಪಾದರಸ ಹೆಚ್ಚಾಗಿ ಮೀಥೈಲ್ ರೂಪದ್ದೇ ಎಂದು ಇಂಥ ಬೇರ್ಪಡಿಸುವ ಪರೀಕ್ಷೆಯಿಂದಲೇ ತೋರಿಸಿದವರು ಸ್ವೀಡನ್ನಿನ ಗುನ್ನೆಲ್ ವೆಸ್ಟೂ, 1966ರಲ್ಲಿ. ಬೇಟೆಮೀನುಗಳ ಮಾಂಸದಲ್ಲಿ ಅದರ ಪಾಲು ಶೇ 80ರಿಂದ 100ರವರೆಗೂ ಇರುತ್ತದೆ.

ಹಾಗಾದರೆ ಎರಡನೇ ಪರೀಕ್ಷೆ ಯಾವಾಗ ಬೇಕು?

ಎಫ್ಎಸ್ಎಸ್ಎಐನ 2011ರ ನಿಯಮಗಳಲ್ಲಿ ಮೀನಿಗೆ ಒಟ್ಟು ಪಾದರಸದ ಮಿತಿ ಕೆ.ಜಿ.ಗೆ 0.5 ಮಿಲಿಗ್ರಾಂ. ಮುಂದೆ ದೊಡ್ಡ ಬೇಟೆಮೀನುಗಳಿಗೆ ಅದನ್ನು 1 ಮಿಲಿಗ್ರಾಂ ಮಾಡಿದರು. ಇದರ ಜೊತೆಗೇ ಅದೇ 2011ರ ನಿಯಮಗಳಲ್ಲಿ ಇನ್ನೊಂದು ಸಾಲಿದೆ, ಬಹಳ ಜನ ಗಮನಿಸದ್ದು: ಮೀಥೈಲ್ ಪಾದರಸಕ್ಕೆ ಎಲ್ಲ ಆಹಾರದಲ್ಲೂ 0.25 ಮಿಲಿಗ್ರಾಂ.

ಈ ಎರಡು ಸಂಖ್ಯೆಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಒಟ್ಟು ಪಾದರಸವೇ 0.25ಕ್ಕಿಂತ ಕಡಿಮೆ ಇದ್ದರೆ ಮೀಥೈಲ್ ಅದನ್ನು ಮೀರಲು ಸಾಧ್ಯವೇ ಇಲ್ಲ. ಪರೀಕ್ಷೆ ಅಲ್ಲಿಗೇ ನಿಲ್ಲಿಸಬಹುದು. ಒಟ್ಟು 0.4 ಬಂತು ಎನ್ನಿ, 0.5ರ ಒಳಗಿದೆ, ಪಾಸ್ ಎನ್ನುತ್ತೀರಿ. ಅದರಲ್ಲಿ ಶೇ 90 ಮೀಥೈಲ್ ಆಗಿದ್ದರೆ 0.36 ಆಯಿತು, ಎರಡನೇ ಮಿತಿಯಲ್ಲಿ ಫೇಲ್. ನನ್ನ ಪ್ರಕಾರ ‘ಒಟ್ಟು ಪಾದರಸ ಮಿತಿಯೊಳಗಿದೆ’ ಎಂಬ ಒಂದೇ ಸಾಲಿನ ರಿಪೋರ್ಟನ್ನು ಸಂದೇಹದಿಂದ ನೋಡಬೇಕಾದದ್ದು ಈ 0.25ರಿಂದ 0.5ರ ನಡುವೆ.

ನಮ್ಮ ಫಾರ್ವರ್ಡಿನ 0.18ಕ್ಕೆ ವಾಪಸ್ ಬರೋಣ. ಕುಡಿಯುವ ನೀರಿನ ಬಿಐಎಸ್ ಮಿತಿ ಲೀಟರಿಗೆ 0.001 ಮಿಲಿಗ್ರಾಂ, ನಿಜ. ಆದರೆ ಅದು ದಿನಕ್ಕೆರಡು ಲೀಟರ್ ಲೆಕ್ಕದಲ್ಲಿ ಜೀವನಪೂರ್ತಿ ಕುಡಿಯುವ ನೀರಿಗೆ ಹಾಕಿದ್ದು. ಮೀನಿಗೆ ಬೇರೆ ಮಿತಿ ಇರುವಾಗ ಅದನ್ನು ನೀರಿನ ಅಳತೆಗೋಲಿನಿಂದ ಅಳೆದು ‘180 ಪಟ್ಟು’ ಎನ್ನುವುದು ಲೆಕ್ಕವಲ್ಲ, ಹೆದರಿಸುವುದು. 0.18 ಎಲ್ಲವೂ ಮೀಥೈಲ್ ಎಂದೇ ಹಿಡಿದರೂ ಎರಡೂ ಮಿತಿಗಳ ಒಳಗಿದೆ.

ಆ ಸಂಖ್ಯೆಯ ಪಕ್ಕದಲ್ಲಿ ಏನು ಬರೆದಿದೆ ಎಂದೂ ನೋಡಿ. ಕೆ.ಜಿ.ಗೆ ಮಿಲಿಗ್ರಾಂ ಎಂದರೂ ಪಿಪಿಎಂ ಎಂದರೂ ಒಂದೇ. ಪಿಪಿಬಿ ಅಥವಾ ಮೈಕ್ರೋಗ್ರಾಂ ಎಂದಿದ್ದರೆ ಸಾವಿರದಿಂದ ಭಾಗಿಸಬೇಕು. 180 ಪಿಪಿಬಿ ಎಂದರೆ ಅದೇ 0.18. ಒಣಗಿಸಿದ ಮೀನಿನ ಲೆಕ್ಕವೋ ಹಸಿ ಮೀನಿನದ್ದೋ ಎನ್ನುವುದು ಇನ್ನೂ ಮುಖ್ಯ. ಮೀನಿನ ಮಾಂಸದಲ್ಲಿ ಮುಕ್ಕಾಲು ಪಾಲಿಗೂ ಹೆಚ್ಚು ನೀರು. ಒಣ ತೂಕದ ಸಂಖ್ಯೆ ಹಸಿಯದ್ದಕ್ಕಿಂತ ನಾಲ್ಕೈದು ಪಟ್ಟು ದೊಡ್ಡದಾಗಿ ಕಾಣುತ್ತದೆ. ಸಂಶೋಧನಾ ಲೇಖನಗಳಲ್ಲಿ ಒಣ ತೂಕ ಬಳಸುವುದು ಮಾಮೂಲು; ಕಾನೂನಿನ ಮಿತಿ ಇರುವುದು ತಿನ್ನುವ ಮೀನಿಗೆ. ಇನ್ನು ‘ಬಿಡಿಎಲ್’, ‘ಎನ್‌ಡಿ’ ಎಂದಿದ್ದರೆ ಸೊನ್ನೆ ಎಂದಲ್ಲ, ಆ ಯಂತ್ರಕ್ಕೆ ಕಾಣುವ ಮಟ್ಟಕ್ಕಿಂತ ಕಡಿಮೆ ಎಂದರ್ಥ. ಆ ಮಟ್ಟ ಎಷ್ಟು ಎಂದು ರಿಪೋರ್ಟ್‌ನಲ್ಲಿ ಇರಬೇಕು.

ತಿನ್ನುವವರ ಲೆಕ್ಕ

ಆಹಾರ ಮತ್ತು ಕೃಷಿ ಸಂಸ್ಥೆ ಹಾಗೂ ವಿಶ್ವ ಆರೋಗ್ಯ ಸಂಸ್ಥೆಯ ಜಂಟಿ ತಜ್ಞರ ಸಮಿತಿ 2003ರಲ್ಲಿ ಹೊಟ್ಟೆಯಲ್ಲಿರುವ ಮಗುವನ್ನು ಮನಸ್ಸಿನಲ್ಲಿಟ್ಟುಕೊಂಡು ವಾರದ ಮಿತಿ ಹಾಕಿತು: ದೇಹದ ಪ್ರತಿ ಕೆ.ಜಿ. ತೂಕಕ್ಕೆ 1.6 ಮೈಕ್ರೋಗ್ರಾಂ ಮೀಥೈಲ್ ಪಾದರಸ. 55 ಕೆ.ಜಿ. ತೂಕದ ಬಸುರಿಗೆ ವಾರಕ್ಕೆ 88 ಮೈಕ್ರೋಗ್ರಾಂ. 0.18ರ ಮೀನಾದರೆ ವಾರಕ್ಕೆ ಹೆಚ್ಚುಕಡಿಮೆ ಅರ್ಧ ಕೆ.ಜಿ. ಮಾಂಸ. 0.05ರ ಮೀನಾದರೆ ಒಂದೂಮುಕ್ಕಾಲು ಕೆ.ಜಿ. 1 ಮಿಲಿಗ್ರಾಂ ಇರುವ ದೊಡ್ಡ ಬೇಟೆಮೀನಾದರೆ 88 ಗ್ರಾಂ, ಅಂದರೆ ಒಂದು ತುಂಡು.

ಹಾಗಾಗಿ ಮೀನು ಬಿಡುವುದಕ್ಕಿಂತ ಮೀನು ಆರಿಸುವುದು ಮುಖ್ಯ. ಕೆರೆಯ ಕಟ್ಲಾ, ರೋಹು, ಜಿಲೇಬಿ ಮೀನುಗಳು ಪಾಚಿ-ಪ್ಲಾಂಕ್ಟನ್ ತಿಂದು ಬೇಗ ಬೆಳೆದು ಮಾರಾಟಕ್ಕೆ ಬರುತ್ತವೆ. ಸಾಮಾನ್ಯವಾಗಿ ಪಾದರಸ ಕಡಿಮೆ. ಅದೇ ಕೆರೆಯ ಕೊರಮೀನು ಬೇರೆ ಮೀನು ತಿಂದು ಬದುಕುವುದು. ಹಳೆಯದಾಗಿ ದೊಡ್ಡದಾದಷ್ಟೂ ಹೆಚ್ಚು. ಕೆರೆಯ ಸ್ಥಿತಿ ತಿಳಿಯಬೇಕಾದರೆ ಪರೀಕ್ಷೆಗೆ ಕಳಿಸಬೇಕಾದ್ದು ಇಂಥ ಮೀನನ್ನೇ. ಐಸ್ ಪೆಟ್ಟಿಗೆಯಲ್ಲಿ ಕರಾವಳಿಯಿಂದ ಬರುವ ಬೂತಾಯಿ, ಬಂಗುಡೆ ಕೆಳಗಿನ ಮೆಟ್ಟಿಲಿನವು. ಶಾರ್ಕ್, ದೊಡ್ಡ ಟ್ಯೂನಾ ಮೇಲಿನ ಮೆಟ್ಟಿಲಿನವು.

ಹುಣಸೆಹುಳಿಯಲ್ಲಿ ಕುದಿಸಿದರೆ, ನಿಂಬೆ ಹಿಂಡಿ ತೊಳೆದರೆ, ಚರ್ಮ-ಕೊಬ್ಬು ತೆಗೆದರೆ ಪಾದರಸ ಹೋಗುತ್ತದೆ ಎಂಬ ಸಲಹೆಗಳೂ ಇವೆ. ಹೋಗುವುದಿಲ್ಲ. ಅದು ಕೊಬ್ಬಿನಲ್ಲಿಲ್ಲ, ಮಾಂಸದ ಪ್ರೊಟೀನಿಗೇ ಅಂಟಿದೆ. ಹುರಿದಾಗ ನೀರು ಹೋಗಿ ತುಂಡು ಚಿಕ್ಕದಾಗುತ್ತದೆ, ಪಾದರಸ ಅಷ್ಟೇ ಉಳಿಯುತ್ತದೆ.

ಮನುಷ್ಯರ ಪರೀಕ್ಷೆಯಲ್ಲೂ ಇದೇ ‘ಯಾವ ಪಾದರಸ’ ಪ್ರಶ್ನೆ ಬರುತ್ತದೆ. ಮೂತ್ರದಲ್ಲಿ ಕಾಣುವುದು ಮುಖ್ಯವಾಗಿ ನಿರವಯವ ಮತ್ತು ಆವಿಯ ಪಾದರಸ. ಮೀನಿನಿಂದ ಬಂದ ಮೀಥೈಲ್ ಪಾದರಸ ತಿಳಿಯಲು ರಕ್ತ ಅಥವಾ ತಲೆಗೂದಲು ಬೇಕು. ಕೂದಲು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್ ಬೆಳೆಯುವುದರಿಂದ ಬುಡದಿಂದ ತುದಿಯವರೆಗೆ ತಿಂಗಳುವಾರು ಲೆಕ್ಕವೇ ಸಿಗುತ್ತದೆ. ಇರಾಕಿನಲ್ಲಿ 1971-72ರಲ್ಲಿ ಪಾದರಸ ಸವರಿದ ಬಿತ್ತನೆ ಗೋಧಿಯನ್ನು ರೊಟ್ಟಿ ಮಾಡಿ ತಿಂದು ನೂರಾರು ಜನ ಸತ್ತಾಗ, ಯಾವ ತಿಂಗಳು ಎಷ್ಟು ತಿಂದರು ಎಂದು ಕೂದಲಿನಿಂದಲೇ ಲೆಕ್ಕ ಹಾಕಿದ್ದರು.

ಗ್ರಾಮ ಪಂಚಾಯಿತಿಯೋ ಮೀನುಗಾರರ ಸಂಘವೋ ಕೆರೆಯ ಮೀನನ್ನು ಪರೀಕ್ಷೆಗೆ ಕಳಿಸುವುದಾದರೆ, ಲ್ಯಾಬಿಗೆ ಎನ್‌ಎಬಿಎಲ್ ಮಾನ್ಯತೆ ಇದೆಯೇ ಎಂದಷ್ಟೇ ಕೇಳಿದರೆ ಸಾಲದು. ಮಾನ್ಯತೆ ಒಂದೊಂದು ಪರೀಕ್ಷೆಗೆ ಬೇರೆ ಬೇರೆಯಾಗಿ ಸಿಗುತ್ತದೆ. ಆ ಪಟ್ಟಿಯಲ್ಲಿ ‘ಮೀನಿನಲ್ಲಿ ಮೀಥೈಲ್ ಮರ್ಕ್ಯುರಿ’ ಇದೆಯೇ ಎಂದು ಎನ್‌ಎಬಿಎಲ್ ವೆಬ್‌ಸೈಟಿನಲ್ಲೇ ನೋಡಬಹುದು. ಒಂದೇ ಮೀನು ಬೇಡ. ಒಂದೇ ಜಾತಿಯ, ಹೆಚ್ಚುಕಡಿಮೆ ಒಂದೇ ಗಾತ್ರದ ಹಲವು ಮೀನುಗಳನ್ನು, ಹಿಡಿದ ಜಾಗ, ದಿನ, ಉದ್ದ, ತೂಕ ಬರೆದು, ಐಸಿನಲ್ಲಿಟ್ಟು ಅಂದೇ ತಲುಪಿಸಿ. ಅರ್ಜಿಯಲ್ಲಿ ಬರೆಯಬೇಕಾದದ್ದು ಇಷ್ಟು: ಮೊದಲು ಒಟ್ಟು ಪಾದರಸ, ಅದು ಕೆ.ಜಿ.ಗೆ 0.25 ಮಿಲಿಗ್ರಾಂ ದಾಟಿದರೆ ಅದೇ ಮಾದರಿಯಲ್ಲಿ ಮೀಥೈಲ್ ಪಾದರಸ, ಎರಡೂ ಹಸಿ ತೂಕದ ಲೆಕ್ಕದಲ್ಲಿ.